ಕಾಡುಕೋಳಿಯ ಗರಿಯೂ ಜಿಗಿಹುಳುವಿನ ಗಾಳವೂ

ಅವಿನಾಶಿಯ ಸುತ್ತಣ ಸೀಮೆಯಲ್ಲಿ ಹತ್ತಿ ಬೆಳೆದವರಿಗೆ ಜಿಗಿಹುಳುವಿನ ಪರಿಚಯವನ್ನು ಹೇಳಬೇಕಾಗಿಲ್ಲ. ನಮ್ಮ ತಮಿಳು ನೆರೆಯವರು ಇದನ್ನು ತತ್ತುಪ್ಪೂಚ್ಚಿ ಎನ್ನುತ್ತಾರೆ. ಎಲೆಯ ಅಡಿಯಲ್ಲಿ ಕುಳಿತು ರಸ ಹೀರುವ ಈ ಹಸಿರು ಕೀಟವು ಅಕ್ಕಿಯ ಕಾಳಿಗಿಂತಲೂ ಚಿಕ್ಕದು, ಮುಟ್ಟಹೋದರೆ ಜಿಗಿದುಬಿಡುತ್ತದೆ. ಇದು ತಗುಲಿದ ಗಿಡದ ಎಲೆಗಳು ಅಂಚಿನಿಂದ ಹಳದಿಯಾಗಿ, ಕೆಂಪಾಗಿ, ಕೊನೆಗೆ ಮುದುಡಿಹೋಗುತ್ತವೆ. ಇಂಗ್ಲಿಷಿನಲ್ಲಿ ಇದರ ಹೆಸರು ಜ್ಯಾಸಿಡ್. ಅಮೆರಿಕದ ಮೀನುಬೇಟೆಯ ಚರಿತ್ರೆಯಲ್ಲಿ ಇದೇ ಹೆಸರಿನ ಗಾಳವೊಂದು ಪ್ರಸಿದ್ಧವಾಗಿದೆ. ಹೆಸರು ಕೀಟದ್ದಾದರೂ ಅದರ ಬೆನ್ನಿಗೆ ಕಟ್ಟಿದ ಗರಿಯು ನಮ್ಮ ನಾಡಿನ ಕಾಡುಕೋಳಿಯದು. ಈ ನಂಟು ಬೆಳೆದ ಬಗೆಯನ್ನು ವಾಚಕರ ಮುಂದಿಡಲು ಯತ್ನಿಸುತ್ತೇವೆ.

ಎರೆಹುಳುವನ್ನು ಸಿಕ್ಕಿಸಿ ಗಾಳ ಹಾಕುವುದು ಎಲ್ಲ ದೇಶಗಳಲ್ಲಿಯೂ ಉಂಟು. ಟ್ರೌಟ್ ಎಂಬ ತಣ್ಣೀರಿನ ಮೀನನ್ನು ಹಿಡಿಯುವವರ ರೀತಿ ಬೇರೆ. ಅವರು ಕೊಕ್ಕೆಗೆ ನೂಲನ್ನೂ ಗರಿಯನ್ನೂ ಸುತ್ತಿ ಕೃತಕ ನೊಣವನ್ನು ಮಾಡುತ್ತಾರೆ. ಕ್ರಿ.ಶ. 200ರ ಸುಮಾರಿನಲ್ಲಿ ರೋಮಿನ ಈಲಿಯನ್ ಎಂಬಾತನು, ಮ್ಯಾಸಿಡೋನಿಯದ ಜನರು ಕೆಂಪು ಉಣ್ಣೆಯನ್ನೂ ಹುಂಜದ ಎರಡು ಗರಿಗಳನ್ನೂ ಕೊಕ್ಕೆಗೆ ಕಟ್ಟಿ ಮೀನು ಹಿಡಿಯುತ್ತಿದ್ದುದನ್ನು ವರ್ಣಿಸಿದ್ದಾನೆ. ಹುಂಜದ ಕುತ್ತಿಗೆಯ ಬಿರುಸಾದ ಗರಿಯನ್ನು ಸುತ್ತಿದರೆ ಅದರ ಎಳೆಗಳು ನೀರಿನ ಮೇಲೆ ಕಾಲೂರಿ ನಿಲ್ಲುತ್ತವೆ, ಕೊಕ್ಕೆ ಮುಳುಗುವುದಿಲ್ಲ. ಹೀಗೆ ತೇಲುವುದನ್ನು ‘ಒಣ ನೊಣ’ ಎನ್ನುತ್ತಾರೆ. ಇಂಗ್ಲೆಂಡಿನ ಹಾಲ್‌ಫರ್ಡ್ ಎಂಬವರು 1886ರಲ್ಲಿ ಗ್ರಂಥವನ್ನೇ ಬರೆದು ಇದಕ್ಕೆ ಶಾಸ್ತ್ರದ ಪದವಿಯನ್ನು ತಂದುಕೊಟ್ಟರು. ಒಂದು ಮೀನಿಗಾಗಿ ಇಷ್ಟು ಪಾಂಡಿತ್ಯವೇ ಎಂದು ನಗೆ ಬರಬಹುದು. ಆದರೆ ಕೀಟಗಳನ್ನು ಅವರಷ್ಟು ತಾಳ್ಮೆಯಿಂದ ನೋಡಿದವರು ವಿರಳ.

ಆಂಗ್ಲರು ಈ ವಿನೋದವನ್ನು ನಮ್ಮ ನೀಲಗಿರಿಗೂ ತಂದರು. ‘ಭಾರತದ ಮೀನುಗಳು’ ಎಂಬ ಮಹಾಗ್ರಂಥವನ್ನು ಬರೆದ ಫ್ರಾನ್ಸಿಸ್ ಡೇ ಅವರು 1860ರ ದಶಕದಲ್ಲಿಯೇ ಟ್ರೌಟನ್ನು ಇಲ್ಲಿ ನೆಲೆಗೊಳಿಸಲು ಯತ್ನಿಸಿ ವಿಫಲರಾದರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ವಿಲ್ಸನ್ ಎಂಬ ಅಧಿಕಾರಿಯ ಕೈಯಲ್ಲಿ ಕಾರ್ಯವು ಸಿದ್ಧಿಸಿತು. ಅವಲಾಂಚಿಯಲ್ಲಿ ಮರಿ ಮಾಡಿಸುವ ಕೇಂದ್ರವು ಸ್ಥಾಪಿತವಾಯಿತು. ಮೂಲತಃ ಉತ್ತರ ಅಮೆರಿಕದ್ದಾದ ಕಾಮನಬಿಲ್ಲಿನ ಟ್ರೌಟ್ ಕುಂದಾ ಬೆಟ್ಟಗಳ ತೊರೆಗಳಲ್ಲಿ ಬೇರೂರಿತು. ಆ ತೊರೆಗಳಲ್ಲಿ ಹಲವು ಭವಾನಿಯನ್ನು ಸೇರುತ್ತವೆ. 2024ರ ಆಗಸ್ಟಿನಲ್ಲಿ ಆರಂಭವಾದ ಅತ್ತಿಕಡವು–ಅವಿನಾಶಿ ಯೋಜನೆಯಿಂದ ನಮ್ಮ ಕೆರೆಗಳಿಗೆ ಬರುವುದೂ ಭವಾನಿಯ ಹೆಚ್ಚುವರಿ ನೀರೇ. ಮೀನೇನೋ ಇತ್ತ ಬರಲಾರದು. ಅದಕ್ಕೆ ಬೆಟ್ಟದ ಚಳಿಯೇ ಬೇಕು.

ಇನ್ನು ಜ್ಯಾಸಿಡ್ಡಿನ ವಿಷಯ. ಪೆನ್ಸಿಲ್ವೇನಿಯದ ಲೆಟಾರ್ಟ್ ಎಂಬ ಹೊಳೆಯಲ್ಲಿ ಬೇಸಗೆಯ ದಿನಗಳಲ್ಲಿ ಮೀನುಗಳು ನೀರಿನ ಮೇಲಿಂದ ಏನನ್ನೋ ಹೀರುತ್ತಿದ್ದವು. ದಡದಲ್ಲಿದ್ದವರಿಗೆ ಏನೂ ಕಾಣದು. ವಿನ್ಸೆಂಟ್ ಮರಿನಾರೊ ಎಂಬವರು ಹೊಳೆಯ ಮೇಲ್ಪದರವನ್ನು ಸೋಸಿ ನೋಡಿದರು. ಸಿಕ್ಕಿದ್ದು ನೀರಿನಲ್ಲಿ ಹುಟ್ಟಿದ ಹುಳುಗಳಲ್ಲ, ಹುಲ್ಲಿನಿಂದ ಉದುರಿದ ನೆಲದ ಕೀಟಗಳು: ಇರುವೆ, ಪುಟ್ಟ ಜೀರುಂಡೆ, ನಮ್ಮ ಹತ್ತಿಯ ಶತ್ರುವಿನ ದಾಯಾದಿಯಾದ ಜಿಗಿಹುಳು. ಮೀನು ನೋಡುವುದು ಕೆಳಗಿನಿಂದ. ಅದಕ್ಕೆ ತೋರುವುದು ಬೆಳಕಿಗೆ ಅಡ್ಡವಾದ ಆಕಾರ ಮಾತ್ರ, ದಪ್ಪವಲ್ಲ. ಹಾಗಿದ್ದಲ್ಲಿ ಕೀಟದ ಒಡಲನ್ನು ಕಟ್ಟುವ ಶ್ರಮವೇಕೆ? ಮರಿನಾರೊ ಚಿಕ್ಕ ಕೊಕ್ಕೆಗೆ ಹುಂಜದ ಗರಿಯನ್ನು ಸುತ್ತಿ, ಮೇಲೂ ಕೆಳಗೂ ಕತ್ತರಿಸಿ, ಕಾಡುಕೋಳಿಯ ಒಂದೇ ಒಂದು ಗರಿಯನ್ನು ಚಪ್ಪಟೆಯಾಗಿ ಮೇಲೆ ಕಟ್ಟಿದರು. 1950ರಲ್ಲಿ ಪ್ರಕಟವಾದ ಅವರ ಗ್ರಂಥದಿಂದ ನೆಲದ ಕೀಟಗಳ ಗಾಳಗಳಿಗೆ ಹೊಸ ಮನ್ನಣೆ ದೊರೆಯಿತು.

ಆ ಗರಿಯು ಬೂದು ಕಾಡುಕೋಳಿಯ ಹುಂಜದ ಕುತ್ತಿಗೆಯದು. ಭಾರತದ ಹೊರಗೆ ಎಲ್ಲಿಯೂ ಸಹಜವಾಗಿ ಇಲ್ಲದ ಈ ಹಕ್ಕಿಯ ಕತ್ತಿನ ಗರಿಯ ತುದಿಯಲ್ಲಿ ಎಳೆಗಳು ಬೆಸೆದು ಮೇಣದ ಹೊಳಪಿನ ಬಿಳಿ, ಹಳದಿ ಚುಕ್ಕೆಗಳಾಗಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸಾಲ್ಮನ್ ಮೀನಿನ ಗಾಳಗಳಿಗೆ ಕಣ್ಣಾಗಿ ಇವನ್ನೇ ಕಟ್ಟುತ್ತಿದ್ದರು. ಮೀನಿನ ಮೊಟ್ಟೆಗಳು ಹಡಗಿನಲ್ಲಿ ಇತ್ತ ಬಂದವು. ಕೋಳಿಯ ಕತ್ತಿನ ಚರ್ಮ ಗರಿಸಹಿತವಾಗಿ ಅತ್ತ ಹೋಯಿತು. ಮೊಟ್ಟೆ ತಂದವರ ಹೆಸರನ್ನು ಗ್ರಂಥಗಳು ಬರೆದಿಟ್ಟಿವೆ. ಬಲೆಯೊಡ್ಡಿ ಕೋಳಿ ಹಿಡಿದುಕೊಟ್ಟ ನಮ್ಮ ಕಾಡಿನ ಮಂದಿಗೆ ಎಷ್ಟು ಕಾಸು ದಕ್ಕಿತೆಂದು ಗ್ರಂಥಕರ್ತರು ಕೇಳಿದಂತೆ ತೋರುವುದಿಲ್ಲ. ಇದು ನಮಗೆ ನ್ಯಾಯವಾಗಿ ಕಾಣದು.

ಕಾಡುಹಕ್ಕಿಗಳ ಗರಿ, ಚರ್ಮಗಳ ರಫ್ತನ್ನು ಭಾರತ ಸರ್ಕಾರವು 1902ರಲ್ಲಿಯೇ ನಿಷೇಧಿಸಿತ್ತು. ಆದರೂ ಗರಿ ಹೋಗುವುದು ನಿಲ್ಲಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಹಕ್ಕಿಗೆ ಗಟ್ಟಿಯಾದ ಆಸರೆ ದೊರೆಯಿತು. ಈಗ ಇಂಗ್ಲೆಂಡಿನಲ್ಲಿ ಈ ಕೋಳಿಯನ್ನು ಗರಿಗಾಗಿಯೇ ಸಾಕುತ್ತಾರೆ. ಟ್ರೌಟ್ ಇರುವ ಮುಕುರ್ತಿಯ ಹುಲ್ಲುಗಾವಲು 1990ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕಾಡುಕೋಳಿಯೋ, ಮೇಟ್ಟುಪಾಳ್ಯದಾಚೆಯ ಇಳಿಜಾರುಗಳಲ್ಲಿ ಬೆಳಗಿನ ಹೊತ್ತು ತುಂಡು ತುಂಡಾಗಿ ಕೂಗುತ್ತದೆ. ಊರಕೋಳಿಯ ಹಾಗೆ ಕೊನೆಯಲ್ಲಿ ರಾಗ ಎಳೆಯುವುದಿಲ್ಲ.