ಮನೆ ಸೋರಿದರೆ ರಿಪೇರಿ ಯಾರದು? - ಮುಂಬಯಿ ಚಾಳುಗಳ ಕಥೆ

ಬಾಡಿಗೆ ಮನೆಯಲ್ಲಿ ಇದ್ದವರಿಗೆಲ್ಲ ಈ ಅನುಭವ ಒಂದಲ್ಲ ಒಂದು ಮಳೆಗಾಲದಲ್ಲಿ ಆಗಿಯೇ ಇರುತ್ತೆ. ಮಾಡು ಸೋರುತ್ತಿದೆ, ಗೋಡೆ ಹಸಿಯಾಗಿ ಸುಣ್ಣ ಉದುರುತ್ತಿದೆ. ಓನರಿಗೆ ಹೇಳಿದರೆ "ಮಳೆ ನಿಲ್ಲಲಿ, ನೋಡೋಣ" ಅಂತಾರೆ. ಮಳೆ ನಿಂತ ಮೇಲೆ ಹೋದರೆ "ಈಗ ಸೋರುತ್ತಿಲ್ಲವಲ್ಲ!" ಅಂತಾರೆ. ಹಾಗಾದರೆ ಬಾಡಿಗೆದಾರ ಮಾಡಬಹುದಾದದ್ದು ಏನು? ಸುಮ್ಮನಿರಬೇಕಾ, ಮನೆ ಬಿಡಬೇಕಾ, ಬಾಡಿಗೆ ನಿಲ್ಲಿಸಬೇಕಾ?

ಈ ಪ್ರಶ್ನೆ ಹಿಡಿದು ಹಳೆಯ ಕಾನೂನುಗಳನ್ನು ಓದುತ್ತಾ ಹೋದಾಗ ನನಗೆ ಆಶ್ಚರ್ಯವಾಗಿದ್ದು, ಇದಕ್ಕೆ ನಮ್ಮ ದೇಶದಲ್ಲಿ 1882ರಲ್ಲೇ ಉತ್ತರ ಬರೆದಿಟ್ಟಿದ್ದಾರೆ ಅನ್ನೋದು. ಆ ವರ್ಷ ಬಂದ ಸ್ವತ್ತು ವರ್ಗಾವಣೆ ಕಾಯಿದೆಯ 108ನೇ ಕಲಮಿನ (ಎಫ್) ಭಾಗ ಹೇಳುವುದಿಷ್ಟು: ಮಾಲೀಕ ತಾನು ಮಾಡಲೇಬೇಕಾದ ರಿಪೇರಿಯನ್ನು, ನೋಟೀಸು ಕೊಟ್ಟ ಮೇಲೂ ತಕ್ಕ ಸಮಯದೊಳಗೆ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಆ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು, ಇಲ್ಲವೇ ಬೇರೆ ರೀತಿಯಲ್ಲಿ ವಸೂಲು ಮಾಡಬಹುದು. ಬೆಂಕಿ, ಬಿರುಗಾಳಿ, ಪ್ರವಾಹಗಳಿಂದ ಮನೆ ವಾಸಕ್ಕೆ ಶಾಶ್ವತವಾಗಿ ಯೋಗ್ಯವಲ್ಲದಂತಾದರೆ ಕರಾರನ್ನೇ ಮುರಿದು ಹೊರಡುವ ದಾರಿ ಅದೇ ಕಲಮಿನ (ಇ) ಭಾಗದಲ್ಲಿದೆ. ಹಾನಿಗೆ ಬಾಡಿಗೆದಾರನೇ ಕಾರಣವಾಗಿರಬಾರದು, ಅಷ್ಟೇ.

ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ "ಮಾಡಲೇಬೇಕಾದ ರಿಪೇರಿ" ಅನ್ನೋ ಮಾತಿನಲ್ಲಿ ಒಂದು ಗಂಟು ಇದೆ. ಯಾವ ರಿಪೇರಿ ಮಾಲೀಕನ ಹೊಣೆ ಅಂತ ಈ ಭಾಗ ಹೇಳುವುದಿಲ್ಲ. ಅದು ಕರಾರಿನಿಂದಲೋ, ಊರಿನ ರೂಢಿಯಿಂದಲೋ, ಬೇರೆ ಕಾನೂನಿನಿಂದಲೋ ಬರಬೇಕು. ಆ ಹೊಣೆಯನ್ನು ಸ್ಪಷ್ಟವಾಗಿ ಮಾಲೀಕನ ತಲೆಗೆ ಕಟ್ಟಿದ ಒಂದು ಊರಿನಲ್ಲಿ ಏನಾಯಿತು ಅನ್ನೋದೇ ಈ ಲೇಖನದ ವಿಷಯ. ಆ ಊರು ಮುಂಬಯಿ.

ಬಟ್ಟೆ ಗಿರಣಿಗಳು ಏಳುತ್ತಿದ್ದ ಕಾಲದಲ್ಲಿ ಮುಂಬಯಿಗೆ ಜನ ಹರಿದು ಬಂದರು. ಕೊಂಕಣದಿಂದ, ಘಟ್ಟದ ಮೇಲಿನಿಂದ ಬಂದ ಗಿರಣಿ ಕೆಲಸಗಾರರ ಜೊತೆಗೆ ನಮ್ಮ ಕರಾವಳಿಯವರೂ ಇದ್ದರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರ ಕಥೆ ಉಡುಪಿ, ಮಂಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ಸಿಗುತ್ತೆ. ಇವರೆಲ್ಲ ಇಳಿದುಕೊಂಡದ್ದು ಚಾಳುಗಳಲ್ಲಿ. ಮೂರು ನಾಲ್ಕು ಮಹಡಿ, ಉದ್ದದ ಜಗಲಿ, ಜಗಲಿಗೆ ಬಾಯಿ ತೆರೆದ ಸಾಲು ಸಾಲು ಒಂದೇ ಕೋಣೆಯ ಮನೆಗಳು, ಮಹಡಿಗೆಲ್ಲ ಸೇರಿ ಒಂದು ಮೂಲೆಯಲ್ಲಿ ನಲ್ಲಿ, ಕಕ್ಕಸು. ಬಹಳಷ್ಟು ಹಳೆಯ ಚಾಳುಗಳ ಅಸ್ಥಿಪಂಜರ ಮರದ್ದು. ಕಂಬ ತೊಲೆಗಳ ನಡುವೆ ಇಟ್ಟಿಗೆ, ಎಷ್ಟೋ ಕಡೆ ಮೇಲೆ ನಮ್ಮದೇ ಮಂಗಳೂರು ಹೆಂಚು! ನಲ್ಲಿ, ಕಕ್ಕಸು ಇರುವ ಮೂಲೆಯಲ್ಲಿ ನೀರು ಇಂಗಿ ಇಂಗಿ ತೊಲೆ ಕೊಳೆಯುತ್ತೆ. ಚಾಳಿಗೆ ಸಾವು ಬರುವುದು ಹೆಚ್ಚಾಗಿ ಆ ಮೂಲೆಯಿಂದಲೇ.

ಮೊದಲ ಮಹಾಯುದ್ಧದ ಕಾಲಕ್ಕೆ ಮನೆಗಳ ಅಭಾವ ಹೆಚ್ಚಿ ಬಾಡಿಗೆ ಏರತೊಡಗಿತು. ಸರ್ಕಾರ 1918ರಲ್ಲಿ ಬಾಡಿಗೆಗೆ ಕಡಿವಾಣ ಹಾಕಿತು. ಎರಡನೇ ಯುದ್ಧ ಶುರುವಾದ 1939ರಲ್ಲಿ ಮತ್ತೆ ಹಾಕಿತು. ಕೊನೆಗೆ ಬಂದದ್ದು 1947ರ ಬಾಂಬೆ ಬಾಡಿಗೆ ಕಾಯಿದೆ. ಅದರಲ್ಲಿ ಎರಡು ಮುಖ್ಯ ಸಂಗತಿಗಳಿದ್ದವು.

ಒಂದು, ಹಳೆಯ ಕಟ್ಟಡಗಳ ಬಾಡಿಗೆ 1940ರ ಸೆಪ್ಟೆಂಬರ್ 1ರಂದು ಎಷ್ಟಿತ್ತೋ ಅಷ್ಟಕ್ಕೇ ನಿಲ್ಲಬೇಕು. ತೆರಿಗೆ ಏರಿಕೆಯಂಥ ಸಣ್ಣಪುಟ್ಟ ಕಾರಣಗಳಿಗೆ ಮಾತ್ರ ಸ್ವಲ್ಪ ಏರಿಸಬಹುದು.

ಎರಡು, 23ನೇ ಕಲಮು. ಮನೆಯನ್ನು ವಾಸಕ್ಕೆ ಯೋಗ್ಯವಾಗಿ ಇಡುವುದು ಮಾಲೀಕನ ಕರ್ತವ್ಯ. ಅವನು ಮಾಡದಿದ್ದರೆ ಬಾಡಿಗೆದಾರರು ಒಬ್ಬರಾಗಿಯೋ ಸೇರಿಯೋ 15 ದಿನದ ನೋಟೀಸು ಕೊಟ್ಟು, ತಾವೇ ರಿಪೇರಿ ಮಾಡಿಸಿ, ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಹೀಗೆ ಮುರಿದುಕೊಳ್ಳುವ ಮೊತ್ತ ಆ ವರ್ಷದ ಬಾಡಿಗೆಯ ನಾಲ್ಕನೇ ಒಂದು ಪಾಲನ್ನು ಮೀರಬಾರದು.

ಈಗ ಈ ಎರಡನ್ನೂ ಪಕ್ಕಪಕ್ಕ ಇಟ್ಟು ಒಂದು ಲೆಕ್ಕ ಮಾಡೋಣ. ಒಂದು ಕೋಣೆಯ ಬಾಡಿಗೆ ತಿಂಗಳಿಗೆ 20 ರೂಪಾಯಿ ಅಂದುಕೊಳ್ಳಿ. ವರ್ಷಕ್ಕೆ 240. ಅದರ ಕಾಲು ಭಾಗ 60 ರೂಪಾಯಿ. ಚಾಳಿನ 30 ಬಾಡಿಗೆದಾರರು ಒಗ್ಗಟ್ಟಾಗಿ ಹೊರಟರೂ ವರ್ಷಕ್ಕೆ ಮುರಿದುಕೊಳ್ಳಬಹುದಾದದ್ದು 1,800 ರೂಪಾಯಿ. 1948ರಲ್ಲಿ ಇದು ದೊಡ್ಡ ದುಡ್ಡು, ತೊಲೆ ಬದಲಾಯಿಸಬಹುದಿತ್ತು. 1975ರ ಹೊತ್ತಿಗೆ? 1995ರ ಹೊತ್ತಿಗೆ? ಬಡಗಿಯ ಕೂಲಿ, ಮರದ ಬೆಲೆ, ಸಿಮೆಂಟಿನ ಬೆಲೆ ಎಲ್ಲ ಏರಿತು. ಬಾಡಿಗೆ ಮಾತ್ರ ನಿಂತಲ್ಲೇ ನಿಂತಿತ್ತು. ಅಂದರೆ ಬಾಡಿಗೆದಾರನನ್ನು ಕಾಪಾಡಿದ ಮೊದಲನೇ ಸಂಗತಿಯೇ ಅವನಿಗೆ ಕೊಟ್ಟಿದ್ದ ಎರಡನೇ ಹಕ್ಕನ್ನು ವರ್ಷ ವರ್ಷವೂ ತಿಂದುಹಾಕಿತು. ಬಾಡಿಗೆಯೇ ಅವನ ಆಯುಧ. ಆ ಆಯುಧದ ಬೆಲೆ ಇಳಿದ ಮೇಲೆ "ಮುರಿದುಕೊಳ್ತೀನಿ" ಅಂತ ಹೆದರಿಸಿದರೆ ಯಾವ ಮಾಲೀಕ ಹೆದರುತ್ತಾನೆ?

ಮಾಲೀಕರ ಕಡೆಯ ಮಾತನ್ನೂ ಹೇಳಬೇಕು. ಕೈಗೆ ಬರುವ ಬಾಡಿಗೆಗಿಂತ ಖರ್ಚೇ ಹೆಚ್ಚಾದಾಗ ರಿಪೇರಿಗೆ ದುಡ್ಡು ಎಲ್ಲಿಂದ ತರಲಿ ಅನ್ನೋದು ಅವರ ವಾದ. ಸುಳ್ಳಲ್ಲ. ಆದರೆ ಪಗಡಿ ಅನ್ನೋ ಇನ್ನೊಂದು ವ್ಯವಹಾರವೂ ಇತ್ತು. ಕೋಣೆ ಕೈ ಬದಲಾಯಿಸುವಾಗ ದೊಡ್ಡ ಮೊತ್ತವೊಂದು ರಸೀದಿ ಇಲ್ಲದೆ ಓಡಾಡುತ್ತಿತ್ತು, ಅದರಲ್ಲಿ ಮಾಲೀಕರಿಗೂ ಪಾಲು ಸಿಗುತ್ತಿತ್ತು. ಆ ದುಡ್ಡು ತೊಲೆಗೆ ಹೋದದ್ದು ಕಡಿಮೆ.

ಲಾಲ್‌ಬಾಗ್ ಕಡೆಯ ಒಂದು ಚಾಳಿನಲ್ಲಿ ವರ್ಷಗಟ್ಟಲೆ ಇದ್ದ ನಮ್ಮ ದೊಡ್ಡಪ್ಪ ಊರಿಗೆ ಬಂದಾಗ ಹೇಳುತ್ತಿದ್ದ ಮಾತು ನನಗೆ ಇನ್ನೂ ನೆನಪಿದೆ: "ನಮ್ಮ ಚಾಳಲ್ಲಿ ಮಳೆ ಬಂದ್ರೆ ಪಾತ್ರೆ ಇಡುದು, ನಿಂತ್ರೆ ಪಾತ್ರೆ ತೊಳೆಯುದು ಮಾರಾಯ." ಮಳೆಗಾಲಕ್ಕೆ ಮುಂಚೆ ಎಲ್ಲರೂ ದುಡ್ಡು ಹಾಕಿ ಹೆಂಚಿನ ಮೇಲೆ ಡಾಂಬರು ಹಾಳೆ ಹೊದಿಸುತ್ತಿದ್ದರಂತೆ. ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಂಡಿರಾ ಅಂತ ನಾನೊಮ್ಮೆ ಕೇಳಿದ್ದೆ. ನಕ್ಕುಬಿಟ್ಟರು. ಬಾಡಿಗೆ ಬಾಕಿ ಬಿದ್ದರೆ ಮನೆ ಖಾಲಿ ಮಾಡಿಸುವ ದಾವೆಗೆ ದಾರಿಯಾಗುತ್ತೆ ಅನ್ನೋ ಭಯ. ಹಾಗಾಗಿ ಮಾಲೀಕ ಬಾಡಿಗೆ ತೆಗೆದುಕೊಳ್ಳಲು ಒಪ್ಪದಿದ್ದರೆ ಮನಿ ಆರ್ಡರ್ ಮಾಡಿ, ಅದು ವಾಪಸು ಬಂದರೆ ಆ ಚೀಟಿಯನ್ನು ಟ್ರಂಕಿನಲ್ಲಿ ಜೋಪಾನವಾಗಿ ಇಡುತ್ತಿದ್ದರು. ಬಾಡಿಗೆ ಕೊಡಲು ತಾನು ತಯಾರಿದ್ದೆ ಅನ್ನೋದಕ್ಕೆ ಅದೇ ಸಾಕ್ಷಿ.

ಇನ್ನೊಂದು ದಾರಿ ನಗರಪಾಲಿಕೆ. ಬೀಳುವ ಸ್ಥಿತಿಯ ಕಟ್ಟಡಗಳ ಬಗ್ಗೆ ನೋಟೀಸು ಕೊಡುವ ಅಧಿಕಾರ 1888ರ ಪಾಲಿಕೆ ಕಾಯಿದೆಯ 354ನೇ ಕಲಮಿನಲ್ಲಿದೆ. ಆದರೆ ಇದು ಎರಡೂ ಕಡೆ ಕೊಯ್ಯುವ ಕತ್ತಿ. ರಿಪೇರಿ ಮಾಡಿಸಿ ಅಂತ ದೂರು ಕೊಟ್ಟರೆ "ಕಟ್ಟಡ ಅಪಾಯಕಾರಿ, ಖಾಲಿ ಮಾಡಿ" ಅನ್ನೋ ಆದೇಶವೂ ಬರಬಹುದು. ಖಾಲಿ ಮಾಡಿ ಹೋಗುವುದು ಎಲ್ಲಿಗೆ? ಹೋದ ಮೇಲೆ ವಾಪಸು ಬರುತ್ತೇವೆ ಅನ್ನೋ ಖಾತರಿ ಏನು? ಹೀಗಾಗಿ ಎಷ್ಟೋ ಜನ ಬಿರುಕನ್ನು ನೋಡಿಯೂ ನೋಡದ ಹಾಗೆ ಇದ್ದರು.

ಕಟ್ಟಡಗಳು ಬೀಳುತ್ತಾ ಬಂದಾಗ ಸರ್ಕಾರ ಕೈ ಹಾಕಲೇಬೇಕಾಯಿತು. 1969ರಲ್ಲಿ ಕಟ್ಟಡ ರಿಪೇರಿ ಮತ್ತು ಪುನರ್ನಿರ್ಮಾಣ ಮಂಡಳಿಗಾಗಿ ಕಾಯಿದೆ ಬಂತು. ಯೋಚನೆ ಹೊಸತು: ದ್ವೀಪನಗರದ ಹಳೆಯ ಬಾಡಿಗೆ ಕಟ್ಟಡಗಳ ಮೇಲೆ 'ಸೆಸ್' ಹಾಕು, ಅದಕ್ಕೆ ಸರ್ಕಾರ ಮತ್ತು ಪಾಲಿಕೆಯ ದುಡ್ಡು ಸೇರಿಸು, ಮಾಲೀಕನ ಬದಲು ಮಂಡಳಿಯೇ ರಿಪೇರಿ ಮಾಡಲಿ. ಶುರುವಿನಲ್ಲಿ ಈ ಪಟ್ಟಿಯಲ್ಲಿದ್ದ ಕಟ್ಟಡಗಳು 19,642. ಅದರಲ್ಲಿ 16,502 ಕಟ್ಟಡಗಳು 1940ರ ಸೆಪ್ಟೆಂಬರ್‌ಗಿಂತ ಹಿಂದಿನವು! ಒಬ್ಬೊಬ್ಬ ಬಾಡಿಗೆದಾರನ ಹಕ್ಕಾಗಿದ್ದದ್ದು ಹೀಗೆ ಇಡೀ ನಗರದ ಲೆಕ್ಕವಾಯಿತು. 1977ರಲ್ಲಿ ಮ್ಹಾಡಾ ಬಂದ ಮೇಲೆ ಈ ಮಂಡಳಿ ಅದರ ಭಾಗವಾಯಿತು.

ಕೆಲಸ ಆಗಲಿಲ್ಲ ಅನ್ನೋಕಾಗಲ್ಲ. ಸಾವಿರಾರು ಕಟ್ಟಡಗಳಿಗೆ ತೇಪೆ ಬಿತ್ತು, ಕೆಲವನ್ನು ಹೊಸದಾಗಿ ಕಟ್ಟಿದರು. ಆದರೆ ಖರ್ಚಿಗೆ ಚದರ ಮೀಟರ್‌ಗೆ ಇಷ್ಟೇ ಅನ್ನೋ ಮಿತಿ ಇತ್ತು. ಅದನ್ನು ಮೀರಿದರೆ ರಿಪೇರಿ ಇಲ್ಲ, ಟ್ರಾನ್ಸಿಟ್ ಕ್ಯಾಂಪು. ತಾತ್ಕಾಲಿಕ ಅಂತ ಹೋದವರಲ್ಲಿ ಎಷ್ಟೋ ಕುಟುಂಬಗಳು ದಶಕಗಟ್ಟಲೆ ಅಲ್ಲೇ ಉಳಿದವು.

1986ರಲ್ಲಿ ಇನ್ನೂ ದೊಡ್ಡ ಹೆಜ್ಜೆ ಇಟ್ಟರು. ಚಾಳಿನ ಶೇಕಡಾ 70ರಷ್ಟು ಬಾಡಿಗೆದಾರರು ಸೇರಿ ಸಹಕಾರ ಸಂಘ ಮಾಡಿಕೊಂಡು ಕೇಳಿದರೆ, ಸರ್ಕಾರ ತಿಂಗಳ ಬಾಡಿಗೆಯ ನೂರು ಪಟ್ಟು ಪರಿಹಾರ ಕೊಟ್ಟು ಕಟ್ಟಡವನ್ನು ಸ್ವಾಧೀನಕ್ಕೆ ತೆಗೆದುಕೊಂಡು ಸಂಘಕ್ಕೆ ಕೊಡಬಹುದು! ಮಾಲೀಕರು ಸುಮ್ಮನಿರಲಿಲ್ಲ, ಕೋರ್ಟಿಗೆ ಹೋದರು. ಅಲ್ಲಿ ಎದ್ದ ಸಂವಿಧಾನದ ಪ್ರಶ್ನೆ, ಅಂದರೆ ಖಾಸಗಿ ಆಸ್ತಿಯೆಲ್ಲ ಸಮುದಾಯದ ಸಂಪತ್ತೇ ಅನ್ನೋದು, ದಶಕಗಳ ಕಾಲ ಎಳೆದು, 2024ರ ನವೆಂಬರ್ 5ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠದಲ್ಲಿ ಉತ್ತರ ಕಂಡಿತು. ಎಲ್ಲ ಖಾಸಗಿ ಆಸ್ತಿಯನ್ನೂ ಹಾಗೆ ಕರೆಯಲಾಗದು ಅಂತ ಬಹುಮತದ ತೀರ್ಪು ಬಂತು. ಒಂದು ಸೋರುವ ಚಾಳಿನ ಜಗಳ ಎಲ್ಲಿಗೆ ಹೋಗಿ ಮುಟ್ಟಿತು ನೋಡಿ!

ಬಾಡಿಗೆಯ ಸ್ಥಗಿತದ ಮೇಲೂ ತೀರ್ಪು ಬಂದಿತ್ತು. 1997ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಒಂದು ಕಾಲಕ್ಕೆ ಸರಿಯಾಗಿದ್ದ ಈ ನಿಯಮ ಕಾಲ ಸರಿದಂತೆ ಅಸಮಂಜಸವಾಗಿದೆ ಅಂತ ಹೇಳಿತು. ಕಾನೂನು ಪುಸ್ತಕಗಳಲ್ಲಿ ಆ ಮೊಕದ್ದಮೆಯ ಹೆಸರು ಶುರುವಾಗುವುದೇ 'ಮಲ್ಪೆ' ಅನ್ನೋ ಶಬ್ದದಿಂದ. ನಮ್ಮ ಕರಾವಳಿಯ ಹೆಸರು ಎಲ್ಲೆಲ್ಲಿ ಸಿಗುತ್ತೆ ಅಲ್ವಾ! ಆಮೇಲೆ 2000ದ ಮಾರ್ಚ್ 31ರಿಂದ ಜಾರಿಗೆ ಬಂದ ಮಹಾರಾಷ್ಟ್ರದ ಹೊಸ ಕಾಯಿದೆ ವರ್ಷಕ್ಕೆ ಶೇಕಡಾ 4ರ ಏರಿಕೆಗೆ ಒಪ್ಪಿತು, ಪಗಡಿಯನ್ನೂ ಕಾನೂನಿನ ಒಳಗೆ ತಂದಿತು. ರಿಪೇರಿಯ ಹಕ್ಕು ಅದರ 14ನೇ ಕಲಮಿನಲ್ಲಿ ಉಳಿಯಿತು. ಅದೇ 15 ದಿನ, ಅದೇ ಕಾಲು ಪಾಲು.

2017ರ ಆಗಸ್ಟ್ 31ರಂದು ಭೇಂಡಿ ಬಜಾರಿನಲ್ಲಿ ನೂರು ವರ್ಷಕ್ಕೂ ಹಳೆಯ ಕಟ್ಟಡವೊಂದು ಬಿದ್ದು 30ಕ್ಕೂ ಹೆಚ್ಚು ಜನ ಸತ್ತರು. ಅದು ಮರುನಿರ್ಮಾಣಕ್ಕೆ ಗೊತ್ತಾಗಿದ್ದ ಕಟ್ಟಡ. ಕೆಲವು ಕುಟುಂಬಗಳು ಆಗಲೇ ಬಿಟ್ಟು ಹೋಗಿದ್ದವು, ಉಳಿದವರು ಹೋಗಿರಲಿಲ್ಲ. ಯಾಕೆ ಹೋಗಲಿಲ್ಲ ಅಂತ ದೂರದಲ್ಲಿ ಕೂತು ಕೇಳುವುದು ಸುಲಭ. ಕೈಯಲ್ಲಿರುವ ಒಂದು ಕೋಣೆಯನ್ನು ಬಿಟ್ಟರೆ ಊರೇ ಕೈ ತಪ್ಪುತ್ತೆ ಅನ್ನೋ ಭಯ ಗೊತ್ತಿದ್ದವರು ಹಾಗೆ ಕೇಳಲಾರರು.

ಇನ್ನು ನಾನು ಬಾಡಿಗೆಗಿರುವ ಬೆಂಗಳೂರಿನ ವಿಷಯಕ್ಕೆ ಬರೋಣ. ಇಲ್ಲಿಯ ಪರಿಸ್ಥಿತಿ ತಲೆಕೆಳಗು. 2001ರ ಕೊನೆಗೆ ಜಾರಿಗೆ ಬಂದ ಕರ್ನಾಟಕ ಬಾಡಿಗೆ ಕಾಯಿದೆ, ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಹೊರಗಿಟ್ಟಿತು. ಅಂದರೆ ನಮ್ಮಲ್ಲಿ ಬಹುತೇಕರು ಮತ್ತೆ 1882ರ ಕಾಯಿದೆಯ ಕೆಳಗೇ ಬರುತ್ತೇವೆ. ನಮ್ಮ ಬಾಡಿಗೆ ದೊಡ್ಡದು, ಅದರಲ್ಲಿ ಮುರಿದುಕೊಂಡರೆ ಮಾಲೀಕನಿಗೆ ಬಿಸಿ ತಟ್ಟುತ್ತೆ. ಆದರೆ ನಮ್ಮ ಕರಾರು 11 ತಿಂಗಳದ್ದು, ಅಡ್ವಾನ್ಸು ಅವರ ಕೈಯಲ್ಲಿ. ಜಗಳ ಮಾಡಿದವನಿಗೆ 12ನೇ ತಿಂಗಳು ಮನೆ ಇರುವುದಿಲ್ಲ. ಮುಂಬಯಿಯ ಚಾಳಿನವನಿಗೆ ನೆಲೆ ಇತ್ತು, ಬಲ ಇರಲಿಲ್ಲ. ನಮಗೆ ಬಲ ಇದೆ, ನೆಲೆ ಇಲ್ಲ. ಎರಡೂ ಒಟ್ಟಿಗೆ ಇದ್ದರೆ ಮಾತ್ರ ರಿಪೇರಿಯ ಹಕ್ಕು ಕಾಗದದಿಂದ ಮಾಡಿನ ತನಕ ಹತ್ತುತ್ತೆ. ನಾನು ಈ ಇತಿಹಾಸದಿಂದ ತಿಳಿದುಕೊಂಡದ್ದು ಇಷ್ಟು.

ಹಾಗಂತ ಕೈ ಕಟ್ಟಿ ಕೂರಬೇಕಾಗಿಲ್ಲ. ಕರಾರಿಗೆ ಸಹಿ ಹಾಕುವ ಮೊದಲೇ ಮಾಡು, ಗೋಡೆ, ಪೈಪು, ವೈರಿಂಗು ಯಾರ ಹೊಣೆ ಅಂತ ಬರೆಸಿ. ಆ ಒಂದು ಸಾಲು ಇದ್ದರೆ 108ನೇ ಕಲಮಿನ ಗಂಟು ಬಿಚ್ಚುತ್ತೆ. ದೂರನ್ನು ಬಾಯಲ್ಲಿ ಹೇಳಿ ಬಿಡಬೇಡಿ, ಫೋಟೋ ಸಮೇತ ಬರವಣಿಗೆಯಲ್ಲಿ ಕೊಟ್ಟು ಸಮಯ ಕೊಡಿ. ಮಾಡಿಸಿದರೆ ರಸೀದಿ ಇಡಿ. ಹೇಳದೆ ಕೇಳದೆ ಬಾಡಿಗೆ ನಿಲ್ಲಿಸಬೇಡಿ, ಆಗ ತಪ್ಪು ನಿಮ್ಮದಾಗುತ್ತೆ. ಒಂದೇ ಕಟ್ಟಡದಲ್ಲಿ ನಾಲ್ಕು ಮನೆ ಇದ್ದರೆ ನಾಲ್ವರೂ ಸೇರಿ ಒಂದೇ ಪತ್ರ ಬರೆಯಿರಿ. ಮುಂಬಯಿಯ ಕಾಯಿದೆ "ಸೇರಿ" ಅನ್ನೋ ಮಾತನ್ನು ಸುಮ್ಮನೆ ಬರೆದಿರಲಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಕೊಟ್ಟ ಮಾದರಿ ಬಾಡಿಗೆ ಕಾಯಿದೆಯಲ್ಲೂ ಮುರಿದುಕೊಳ್ಳುವ ಹಕ್ಕಿದೆ, ಮಿತಿ ಒಂದು ತಿಂಗಳಲ್ಲಿ ಬಾಡಿಗೆಯ ಅರ್ಧದವರೆಗೆ. ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ತಮ್ಮ ಕಾನೂನು ಮಾಡಿಕೊಂಡರಷ್ಟೇ ನಮ್ಮ ಮನೆ ಬಾಗಿಲಿಗೆ ಬರುತ್ತೆ.

ನೋಟೀಸು ಕೊಟ್ಟವನನ್ನು ಹೊರಗೆ ಹಾಕಬಾರದು ಅನ್ನೋ ರಕ್ಷಣೆ ಗಟ್ಟಿಯಾಗಿ ಬರೋ ತನಕ, ಬಾಡಿಗೆದಾರ ಮಳೆಗಾಲಕ್ಕೆ ಮುಂಚೆ ಪಾತ್ರೆ ಲೆಕ್ಕ ಹಾಕುವುದು ತಪ್ಪಲ್ಲ ಅನ್ಸುತ್ತೆ. ನಿಮಗೇನನ್ನಿಸುತ್ತೆ?