ಗೆಂಟಿಲಿಸ್ ಮತ್ತು ದಾಕ್ಷಿಣ್ಯ: ಶಿರಾ–ಪಾವಗಡ ಗಡಿಯಿಂದ ಒಂದು ಅರ್ಥವಿಚಾರ

ಎ. ಡಿ. ಕ್ಯಾಂಪ್‌ಬೆಲ್ಲನ ತೆಲುಗು ವ್ಯಾಕರಣ ಮದರಾಸಿನಲ್ಲಿ ಅಚ್ಚಾದದ್ದು 1816ರಲ್ಲಿ. ತೆಲುಗಿಗೆ ‘ಜೆಂಟೂ’ ಎಂಬ ರೂಢಿಯ ಹೆಸರಿದೆಯೆಂದು ಅದರ ಶೀರ್ಷಿಕೆಯೇ ಹೇಳುತ್ತದೆ. ಪಾವಗಡದ ಮನೆಗಳಲ್ಲಿ ಇಂದಿಗೂ ಕನ್ನಡದ ಜೊತೆ ಕೇಳಿಬರುವ ಭಾಷೆಗೆ ಈ ಹೆಸರು ಬಂದದ್ದು ಲ್ಯಾಟಿನ್ನಿನ ‘ಗೆಂಟಿಲಿಸ್’ನಿಂದ. ಇಟಲಿಯಲ್ಲಿ ಇದೇ ಶಬ್ದಕ್ಕೆ ದಯಾಳು, ಸೌಜನ್ಯವಂತ ಎಂಬ ಅರ್ಥವಿದೆ.

‘ಗೆನ್ಸ್’ ಎಂದರೆ ಕುಲ. ‘ಗೆಂಟಿಲಿಸ್’ ಎಂದರೆ ಕುಲಕ್ಕೆ ಸೇರಿದವನು. ಕ್ರೈಸ್ತ ಲ್ಯಾಟಿನ್ನಿನಲ್ಲಿ ಅದು ಅನ್ಯಧರ್ಮೀಯನನ್ನು ಸೂಚಿಸಿತು. ಪೋರ್ಚುಗೀಸರು ಈ ನಾಡಿನ ಮುಸ್ಲಿಮೇತರರನ್ನು ‘ಜೆಂತಿಯು’ ಎಂದು ಕರೆದದ್ದು ಆ ಅರ್ಥದಲ್ಲಿ. ಇಂಗ್ಲಿಷರ ಬಾಯಲ್ಲಿ ಅದು ಜೆಂಟೂ ಆಯಿತು. 1776ರಲ್ಲಿ ಹಾಲ್‌ಹೆಡ್ ಪ್ರಕಟಿಸಿದ ಜೆಂಟೂ ಕಾನೂನುಗಳ ಸಂಹಿತೆಯಲ್ಲಿ ಅದಕ್ಕೆ ಹಿಂದೂ ಎಂಬ ಅರ್ಥ. ಮದರಾಸಿನ ಕಡೆ ಅದು ತೆಲುಗರಿಗೂ ತೆಲುಗಿಗೂ ಅಂಟಿಕೊಂಡಿತು. ಇನ್ನೊಂದು ಕವಲು ಹಳೆಯ ಫ್ರೆಂಚಿನದು. ಅಲ್ಲಿ ‘ಜಾಂತಿ’ ಎಂದರೆ ಮೊದಲು ಕುಲೀನ, ಈಗ ಒಳ್ಳೆಯ ಮನಸ್ಸಿನವನು. ಕೆಲವು ಸಲ ‘ಪಾಪದವನು’ ಎಂಬ ತುಸು ತಾತ್ಸಾರವೂ ಸೇರಿರುತ್ತದೆ. ಇಂಗ್ಲಿಷಿನ ಜೆಂಟಲ್‌ಗೆ ಮೃದು ಎಂಬರ್ಥ ಬಂದದ್ದೂ ಕುಲೀನತೆಯ ದಾರಿಯಿಂದಲೇ. ಸ್ಪ್ಯಾನಿಷ್ ಮಾತ್ರ ಬೇರೆ ಹಾದಿ ಹಿಡಿಯಿತು: ಅಲ್ಲಿ ಅದು ಚೆಲುವಿಗೂ ಅನ್ಯಧರ್ಮೀಯನಿಗೂ ಸಲ್ಲುತ್ತದೆ, ದಯಾಳುವಿಗೆ ‘ಅಮಾಬ್ಲೆ’ ಎಂಬ ಬೇರೆ ಮಾತಿದೆ. ಹದಿಮೂರನೆಯ ಶತಮಾನದ ಇಟಲಿಯ ಕವಿ ಗ್ವಿನಿಚೆಲ್ಲಿ ಕುಲೀನತೆಯ ಈ ಗುಣವನ್ನು ರಕ್ತದಿಂದ ಬಿಡಿಸಿ ಹೃದಯಕ್ಕೆ ಕಟ್ಟಿದ. ಡಾಂಟೆ ಆ ವಾದವನ್ನು ಮುಂದುವರಿಸಿದ.

ಗೆಂಟಿಲಿಸ್‌ಗೆ ಜೊತೆಯಾಗಿ ನಿಲ್ಲಬಲ್ಲ ನಮ್ಮ ಮಾತು, ನನ್ನ ಎಣಿಕೆಯಲ್ಲಿ, ದಯೆಯಲ್ಲ, ದಾಕ್ಷಿಣ್ಯ. ಅದರ ಮೂಲ ‘ದಕ್ಷಿಣ’: ಕುಶಲ, ಬಲಗೈ ಬದಿಯ, ಮೂಡಣಕ್ಕೆ ಮುಖಮಾಡಿ ನಿಂತವನಿಗೆ ತೆಂಕಣ. ಲ್ಯಾಟಿನ್ನಿನ ‘ಡೆಕ್ಸ್‌ಟರ್’ ಇದರ ದಾಯಾದಿ. ಧನಂಜಯನ ದಶರೂಪಕದಲ್ಲಿ ಹೊಸ ಪ್ರೇಮದ ನಡುವೆಯೂ ಮೊದಲಿನವಳ ಮನ ನೋಯಿಸದವನು ದಕ್ಷಿಣ ನಾಯಕ. ಮರಾಠಿಯ ‘ಸ್ತ್ರೀದಾಕ್ಷಿಣ್ಯ’ದಲ್ಲಿ ಆ ಸೌಜನ್ಯದ ಜಾಡು ಉಳಿದಿದೆ. ಬಂಗಾಳಿ, ಮಲಯಾಳ, ತೆಲುಗುಗಳಲ್ಲಿ ದಾಕ್ಷಿಣ್ಯ ದಯೆಯೊಡನೆ ಜೋಡಿಯಾಗಿ ಬರುವುದೇ ಹೆಚ್ಚು.

ಕನ್ನಡದಲ್ಲಿ ಈ ಗುಣ ಭಾರವಾಗಿದೆ. ಶಿರಾ ಕಡೆಯ ಮದಲೂರು ಸೀಮೆಯ ಯಾವುದೇ ಊಟದ ಮನೆಯಲ್ಲಿ ‘ದಾಕ್ಷಿಣ್ಯ ಮಾಡ್ಕಬ್ಯಾಡಿ, ಇನ್ನರ್ಧ ಮುದ್ದೆ ಇಕ್ಕಿಸ್ಕಳಿ’ ಎನ್ನುವಾಗ ದಾಕ್ಷಿಣ್ಯವಿರುವುದು ಬಡಿಸುವವರಲ್ಲಲ್ಲ, ಉಣ್ಣುವವರಲ್ಲಿ. ಅದೇ ಒತ್ತಾಯವನ್ನು ತೆಲುಗಿನಲ್ಲಿ ಮಾಡುವವರು ‘ಮೊಹಮಾಟಪಡಕಂಡಿ’ ಎನ್ನುತ್ತಾರೆ. ದಾಕ್ಷಿಣ್ಯದ ಸುದ್ದಿಗೇ ಹೋಗುವುದಿಲ್ಲ. ಆ ಮೊಹಮಾಟದೊಳಗೆ ಮೊಗವಿದೆ, ನಮ್ಮ ‘ಮುಖದಾಕ್ಷಿಣ್ಯ’ದಲ್ಲೂ ಮುಖವಿದೆ: ಎದುರಿಗಿರುವವರ ಮುಖ ನೋಡಿ ಇಲ್ಲವೆನ್ನಲಾಗದ ಇಕ್ಕಟ್ಟು ಎರಡೂ ಕಡೆ ಒಂದೇ. ಅದಕ್ಕೆ ತೆಲುಗಿನಲ್ಲಿ ಬೇರೆ ಹೆಸರು ಇದ್ದುದರಿಂದ ದಾಕ್ಷಿಣ್ಯಕ್ಕೆ ತನ್ನ ಹಳೆಯ ಕರುಣೆಯಲ್ಲೇ ಉಳಿಯುವುದು ಸಾಧ್ಯವಾಯಿತೆಂಬುದು ನನ್ನ ಊಹೆ. ಕನ್ನಡಕ್ಕೂ ‘ಮುಲಾಜು’ ಇದೆಯಲ್ಲ ಎಂಬ ಆಕ್ಷೇಪ ಬರಬಹುದು. ಅರಬ್ಬಿ–ಪಾರಸಿ ಮೂಲದ ಈ ಮಾತು ಬಾಳುವುದು ಹೆಚ್ಚಾಗಿ ‘ಮುಲಾಜಿಲ್ಲದೆ’ ಎಂಬ ನಿಷೇಧದಲ್ಲಿ. ಅತಿಥಿಗೆ ಮುದ್ದೆ ಇಕ್ಕುವಾಗ ಅದು ನೆರವಿಗೆ ಬಾರದು. 1687ರಿಂದ ಮೊಗಲರ ಸುಬಾ ಆಗಿದ್ದ ಶಿರಾದಲ್ಲಿ ಇಂಥ ಪಾರಸಿ ಮಾತುಗಳು ಬರಿಯ ಕಚೇರಿಯವಾಗಿ ಉಳಿಯದೆ ಬೀದಿಗಿಳಿದದ್ದು ಸಹಜ.

ಹೀಗೆ ಗೆಂಟಿಲಿಸ್ ಹುಟ್ಟಿನಿಂದ ಗುಣಕ್ಕೆ ಸಾಗಿದರೆ, ಕನ್ನಡದ ದಾಕ್ಷಿಣ್ಯ ಗುಣದಿಂದ ಹೊರೆಗೆ ಸಾಗಿದೆ. ದಕ್ಷ ಅಧಿಕಾರಿಯೆಂದರೆ ನಮಗೀಗ ದಾಕ್ಷಿಣ್ಯವಿಲ್ಲದವನು! ಎರಡು ಶಬ್ದಗಳೂ ಒಂದೇ ಬೇರಿನವು ಎಂಬುದು ಆ ಹೊಗಳಿಕೆಯಲ್ಲಿ ಯಾರಿಗೂ ನೆನಪಾಗುವುದಿಲ್ಲ. ಭ್ರಷ್ಟರ ಮೇಲೆ ‘ನಿರ್ದಾಕ್ಷಿಣ್ಯ ಕ್ರಮ’ ಎಂದು ಮಂತ್ರಿಯೊಬ್ಬರು ಮಧುಗಿರಿಯಲ್ಲಿ ಹೇಳಿದರೆ ಜನ ಚಪ್ಪಾಳೆ ತಟ್ಟುತ್ತಾರೆ. ಗಡಿಯಾಚೆ ಮಡಕಶಿರದ ತೆಲುಗು ಓದುಗರಿಗೆ ‘ನಿರ್ದಾಕ್ಷಿಣ್ಯಂಗಾ’ ಎಂಬ ಮಾತು ಎದುರಾಗುವುದು ಹೆಚ್ಚಾಗಿ ಕೊಲೆಯ ವರದಿಗಳಲ್ಲಿ.