ಗ್ರ್ಯಾಂಡ್ ಆರ್ಮಿಯ ಎರಡು ನೆನಪುಗಳು: ಅಮೆರಿಕದ ಅಂತರ್ಯುದ್ಧದ ಮಾಜಿ ಸೈನಿಕರ ಸಂಘ ಮತ್ತು ಸಮ್ಮಿಲನ

1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದಾಗ ಉತ್ತರದ ಒಕ್ಕೂಟ ಸೇನೆಯ ಲಕ್ಷಾಂತರ ಸೈನಿಕರು ಸಮವಸ್ತ್ರ ಕಳಚಿ ಹೊಲ, ಕಾರ್ಖಾನೆ, ಅಂಗಡಿಗಳಿಗೆ ಮರಳಿದರು. ಮರುವರ್ಷ ಏಪ್ರಿಲ್ 6ರಂದು ಇಲಿನಾಯ್ ರಾಜ್ಯದ ಡಿಕೇಟರ್ ಊರಿನಲ್ಲಿ, ಸೇನಾ ವೈದ್ಯನಾಗಿದ್ದ ಬೆಂಜಮಿನ್ ಸ್ಟೀಫನ್‌ಸನ್ ‘ಗ್ರ್ಯಾಂಡ್ ಆರ್ಮಿ ಆಫ್ ದಿ ರಿಪಬ್ಲಿಕ್’ನ ಮೊದಲ ಶಾಖೆಯನ್ನು ಸ್ಥಾಪಿಸಿದ. ಈ ಸಂಘವನ್ನು ಪಿಂಚಣಿಗಾಗಿ ಒತ್ತಡ ಹೇರಿದ ಬಲಾಢ್ಯ ಗುಂಪೆಂದು ನೋಡುವುದು ರೂಢಿ. ಅದು ಸುಳ್ಳೇನಲ್ಲ. ಆದರೆ ಊರಿನ ಶಾಖೆಯ ಕೊಠಡಿಯಲ್ಲಿ ಉಳಿದ ಯುದ್ಧದ ನೆನಪಿಗೂ ದೊಡ್ಡ ಸಮ್ಮಿಲನಗಳ ವೇದಿಕೆಯಲ್ಲಿ ಮೆರೆದ ನೆನಪಿಗೂ ನಡುವೆ ಬಿದ್ದ ಅಂತರ ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ.

ಶಾಖೆಗೆ ‘ಪೋಸ್ಟ್’ ಎಂಬ ಹೆಸರು. ಹೆಚ್ಚಾಗಿ ಯುದ್ಧದಲ್ಲಿ ಮಡಿದವನೊಬ್ಬನ ಹೆಸರು ಅದಕ್ಕೆ ಜೊತೆಯಾಗುತ್ತಿತ್ತು. ಗೌರವಯುತವಾಗಿ ಸೇವೆ ಮುಗಿಸಿ ಬಂದ ಯಾವ ಸೈನಿಕನಾದರೂ ಅರ್ಜಿ ಹಾಕಬಹುದಿತ್ತು. ಸದಸ್ಯರು ಪೆಟ್ಟಿಗೆಗೆ ಬಿಳಿ ಇಲ್ಲವೇ ಕಪ್ಪು ಗುಂಡು ಹಾಕಿ ಅವನನ್ನು ಒಪ್ಪುತ್ತಿದ್ದರು ಅಥವಾ ನಿರಾಕರಿಸುತ್ತಿದ್ದರು. ಆರಂಭದಲ್ಲಿ ಸದಸ್ಯರಿಗೆ ಮೂರು ದರ್ಜೆಗಳನ್ನು ತಂದ ಪ್ರಯೋಗ ಸಂಘಕ್ಕೆ ಮುಳುವಾಯಿತು. 1870ರ ದಶಕದ ನಡುವೆ ಸದಸ್ಯರ ಸಂಖ್ಯೆ 30,000ಕ್ಕಿಂತ ಕೆಳಗಿಳಿದಿತ್ತು. 1890ರ ಹೊತ್ತಿಗೆ ಅದು 4 ಲಕ್ಷ ದಾಟಿತು.

ಈ ಏರಿಕೆಯಲ್ಲಿ ಪಿಂಚಣಿಯ ಪಾಲು ದೊಡ್ಡದು. 1887ರಲ್ಲಿ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಪಿಂಚಣಿ ಮಸೂದೆಯೊಂದನ್ನು ತಿರಸ್ಕರಿಸಿದರು. ಮರುವರ್ಷದ ಚುನಾವಣೆಯಲ್ಲಿ ಸೋತರು. ಗೆದ್ದ ಬೆಂಜಮಿನ್ ಹ್ಯಾರಿಸನ್ ಸ್ವತಃ ಸಂಘದ ಸದಸ್ಯರು. ಅವರು ಸಹಿ ಹಾಕಿದ 1890ರ ಕಾನೂನಿನ ಪ್ರಕಾರ 90 ದಿನ ಸೇವೆ ಮಾಡಿ ಈಗ ಮೈಮುರಿದು ದುಡಿಯಲಾಗದವರೆಲ್ಲ ಅರ್ಹರು. ಅಶಕ್ತತೆ ಯುದ್ಧದಿಂದಲೇ ಬಂದಿರಬೇಕೆಂಬ ಷರತ್ತಿಲ್ಲ. 1893ರಲ್ಲಿ ಕೇಂದ್ರ ಸರ್ಕಾರದ ವರಮಾನದ ಸುಮಾರು ಶೇ. 40 ಪಿಂಚಣಿಗೇ ಹೋಯಿತು.

ಆ ಅಂಕಿಯ ಹಿಂದಿನ ಕೆಲಸ ನಡೆದದ್ದು ಪೋಸ್ಟಿನ ಮೇಜಿನ ಸುತ್ತ. ಅರ್ಜಿದಾರ ಯಾವ ತುಕಡಿಯಲ್ಲಿದ್ದ, ಎಲ್ಲಿ ಗಾಯಗೊಂಡ, ವಿಧವೆ ನಿಜವಾಗಿ ಅವನ ಹೆಂಡತಿಯೇ ಎಂಬುದಕ್ಕೆಲ್ಲ ಸಾಕ್ಷಿ ಬೇಕಿತ್ತು. ಜೊತೆಗೆ ಹೋರಾಡಿದವರು ಪ್ರಮಾಣ ಮಾಡಿ ಹೇಳಿಕೆ ಬರೆದುಕೊಡುತ್ತಿದ್ದರು. ಗುಲಾಮಗಿರಿಯಲ್ಲಿ ಹುಟ್ಟಿ ಸೇನೆ ಸೇರಿದ ಕಪ್ಪು ಸೈನಿಕನಿಗೆ ಹುಟ್ಟಿನ ದಾಖಲೆಯೂ ಇಲ್ಲ, ಮದುವೆಯ ದಾಖಲೆಯೂ ಇಲ್ಲ. ಸಂಗಾತಿಯ ಮಾತೇ ಅವನ ಕಾಗದಪತ್ರ. ಒಕ್ಕೂಟದ ಪರವಾಗಿ ಸುಮಾರು 1.8 ಲಕ್ಷ ಕಪ್ಪು ಸೈನಿಕರು ಹೋರಾಡಿದ್ದರು. ಹಲವೆಡೆ ಅವರು ತಮ್ಮದೇ ಪೋಸ್ಟ್ ಕಟ್ಟಿಕೊಂಡರು. ಉತ್ತರದ ಕೆಲವೆಡೆ ಬಿಳಿಯರ ಜೊತೆ ಒಂದೇ ಪೋಸ್ಟಿನಲ್ಲಿ ಕೂತರು. ಪೆನ್ಸಿಲ್ವೇನಿಯಾದ ಕಾರ್ನೆಗೀ ಊರಿನ ಗ್ರಂಥಾಲಯದಲ್ಲಿ ಥಾಮಸ್ ಎಸ್ಪಿ ಪೋಸ್ಟಿನ ಕೊಠಡಿ ಇಂದಿಗೂ ಉಳಿದಿದೆ. ಸದಸ್ಯರು ರಣರಂಗಗಳಿಂದ ಹೆಕ್ಕಿ ತಂದ ವಸ್ತುಗಳೂ ತಮ್ಮ ಸೇವೆಯ ವಿವರಗಳನ್ನು ದಾಖಲಿಸಿದ ದಪ್ಪ ಪುಸ್ತಕವೂ ಅಲ್ಲಿವೆ.

ಕಪ್ಪು, ಬಿಳಿ ಸದಸ್ಯರ ಈ ಸಹವಾಸಕ್ಕೆ ಕಠಿಣ ಪರೀಕ್ಷೆ ಎದುರಾದದ್ದು 1891ರ ಡೆಟ್ರಾಯಿಟ್ ರಾಷ್ಟ್ರೀಯ ಅಧಿವೇಶನದಲ್ಲಿ. ಲೂಯಿಸಿಯಾನಾ, ಮಿಸಿಸಿಪ್ಪಿಗಳ ಬಿಳಿ ಸದಸ್ಯರು ಕಪ್ಪು ಪೋಸ್ಟ್‌ಗಳ ಜೊತೆ ಒಂದೇ ಪ್ರಾಂತೀಯ ಘಟಕದಲ್ಲಿರಲು ಒಪ್ಪದಿದ್ದಾಗ ಪ್ರತ್ಯೇಕ ಘಟಕದ ಪ್ರಸ್ತಾಪ ಬಂತು. ಅಧಿವೇಶನ ಅದನ್ನು ತಳ್ಳಿಹಾಕಿತು. ಸಂಘದೊಳಗೆ ತಾರತಮ್ಯವಿರಲಿಲ್ಲ ಎಂದು ಇದರಿಂದ ಹೇಳಲಾಗದು, ಇತ್ತು. ಆದರೂ ಇಡೀ ದೇಶ ಬೇರ್ಪಡಿಕೆಯತ್ತ ವಾಲುತ್ತಿದ್ದ ಕಾಲದಲ್ಲಿ ತೆಗೆದುಕೊಂಡ ಆ ನಿರ್ಣಯವನ್ನು ನಾನು ಸಂಘದ ಅತ್ಯಂತ ಘನವಾದ ಕ್ಷಣವೆಂದು ಎಣಿಸುತ್ತೇನೆ.

1913ರ ಗೆಟ್ಟಿಸ್‌ಬರ್ಗ್ ಸಮ್ಮಿಲನದ ಸ್ವರ ಬೇರೆ. ಅಂತರ್ಯುದ್ಧದಲ್ಲಿ ಅಲ್ಲಿ ನಡೆದಿದ್ದ ಕದನದ 50ನೇ ವರ್ಷಕ್ಕೆ ಎರಡೂ ಪಕ್ಷಗಳ 50,000ಕ್ಕೂ ಹೆಚ್ಚು ಮಾಜಿ ಸೈನಿಕರು ಬಂದರು. ಬಹುಪಾಲು 70ರ ಆಸುಪಾಸಿನ ಮುದುಕರು. ಡೇರೆಗಳ ಒಂದು ಊರೇ ಎದ್ದಿತು, ಸೇನೆಯ ಅಡುಗೆಮನೆಗಳು ಹೊತ್ತುಹೊತ್ತಿಗೆ ಊಟ ಬಡಿಸಿದವು, ಬಿಸಿಲಿನ ಧಗೆ ಹಲವರನ್ನು ಆಸ್ಪತ್ರೆಗೆ ಸೇರಿಸಿತು. ಜುಲೈ 3ರಂದು, ಹಿಂದೆ ದಕ್ಷಿಣದ ಸೇನಾನಿ ಪಿಕೆಟ್‌ನ ದಂಡು ನುಗ್ಗಿ ಬಂದಿದ್ದ ಕಲ್ಲುಗೋಡೆಯ ಮೇಲಿಂದ ಹಳೆಯ ವೈರಿಗಳು ಕೈಕುಲುಕಿದರು. ಆ ಮುದುಕರ ಭಾವನೆ ಅಪ್ಪಟವಾದದ್ದು. ಅದನ್ನು ಶಂಕಿಸಲು ನನಗೆ ಕಾರಣವಿಲ್ಲ. ಆದರೆ ಮರುದಿನ ಅಧ್ಯಕ್ಷ ವುಡ್ರೋ ವಿಲ್ಸನ್ ಮಾಡಿದ ಭಾಷಣದಲ್ಲಿ ಜಗಳ ಮರೆತ ಸೋದರರಿದ್ದರು, ಗುಲಾಮಗಿರಿಯ ಹೆಸರಿರಲಿಲ್ಲ. ಅದೇ ವರ್ಷ ಅವರ ಆಡಳಿತ ಸರ್ಕಾರಿ ಕಚೇರಿಗಳಲ್ಲಿ ಕಪ್ಪು ನೌಕರರನ್ನು ಬೇರೆಯಾಗಿ ಕೂರಿಸಲು ತೊಡಗಿತ್ತು. ಯುದ್ಧ ಯಾಕೆ ನಡೆಯಿತು ಎಂಬ ಪ್ರಶ್ನೆಯನ್ನು ಬದಿಗಿಟ್ಟಿದ್ದರಿಂದಲೇ ಆ ರಾಜಿ ಅಷ್ಟು ಸಲೀಸಾಯಿತು.

ಸದಸ್ಯತ್ವ ಮಕ್ಕಳಿಗೆ ದಾಟದೆಂಬ ನಿಯಮವನ್ನು ಸಂಘ ಕಡೆಯವರೆಗೂ ಸಡಿಲಿಸಲಿಲ್ಲ. 1949ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ನಡೆದ ಕೊನೆಯ ಅಧಿವೇಶನಕ್ಕೆ ಬಂದವರು 6 ಮಂದಿ. 1956ರ ಆಗಸ್ಟ್‌ನಲ್ಲಿ ಕೊನೆಯ ಸದಸ್ಯ ಆಲ್ಬರ್ಟ್ ವೂಲ್ಸನ್ ತೀರಿಕೊಂಡ ಮೇಲೆ ಸಂಘವೂ ಮುಗಿಯಿತು. ಅಷ್ಟರೊಳಗೆ ಮೊದಲ ಮಹಾಯುದ್ಧದವರ ಸಂಘಟನೆಯಾಗಿ 1919ರಲ್ಲಿ ಹುಟ್ಟಿದ ಅಮೆರಿಕನ್ ಲೀಜನ್, ಪೋಸ್ಟ್‌ಗಳ ರಚನೆಯನ್ನೂ ಶಾಸಕರ ಮೇಲೆ ಒತ್ತಡ ತರುವ ಕಲೆಯನ್ನೂ ಮುಂದುವರಿಸಿತ್ತು. ಮಾಜಿ ಸೈನಿಕರಿಗೆ ಸವಲತ್ತು ನೀಡಿದ 1944ರ ಪ್ರಸಿದ್ಧ ಜಿ.ಐ. ಕಾನೂನಿನ ಮೊದಲ ಕರಡು ಅದರ ಮುಖಂಡ ಹ್ಯಾರಿ ಕೋಲ್ಮರಿಯ ಕೈಬರಹದಲ್ಲಿದೆ. ಡೆಟ್ರಾಯಿಟ್‌ನ ನಿರ್ಣಯವನ್ನು ಮಾತ್ರ ಲೀಜನ್ ಮುಂದುವರಿಸಲಿಲ್ಲ. ಕಪ್ಪು ಸೈನಿಕರ ಪೋಸ್ಟ್‌ಗಳನ್ನು ಒಪ್ಪುವುದೋ ಬೇಡವೋ ಎಂಬುದನ್ನು ಅದು ಆಯಾ ರಾಜ್ಯ ಘಟಕಗಳಿಗೇ ಬಿಟ್ಟುಕೊಟ್ಟಿತು.